ಗಾಡಿ ಹಳೆಯದು, ಪೆಟ್ರೋಲು ಹೊಸದು

“ಬಿ.ಎ. ಓದುವವಳಿಗೆ ಮೋಟಾರು ಗಾಡಿಯ ಉಸಾಬರಿ ಏಕೆ?” ಈ ಲೇಖನದ ವಿಷಯವನ್ನು ಹೇಳಿದಾಗ ಗೆಳತಿಯರು ಕೇಳಿದ ಪ್ರಶ್ನೆ ಇದು. ಪ್ರಶ್ನೆ ಸಹಜವಾದುದೇ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಅಭ್ಯಾಸದ ವಿಷಯಗಳು. ಆದರೆ ನಾನು ಹುಟ್ಟಿ ಬೆಳೆದುದು ಸಂಕೇಶ್ವರದ ಹಳೆಯ ಪುಣೆ-ಬೆಂಗಳೂರು ರಸ್ತೆಯ ಬದಿಗಿರುವ ಒಂದು ಸಣ್ಣ ಗ್ಯಾರೇಜಿನ ಹಿಂದಿನ ಮನೆಯಲ್ಲಿ. ನನ್ನ ತಂದೆಯವರು ಅಲ್ಲಿಯ ಮಿಸ್ತ್ರಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಪಾನಾ ಹಿಡಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ಗ್ಯಾರೇಜಿನ ಲೆಕ್ಕದ ವಹಿ ಬರೆಯುವದು, ಇಂಗ್ಲೀಷಿನಲ್ಲಿ ಬರುವ ಬಿಡಿಭಾಗಗಳ ಪಟ್ಟಿಯನ್ನು ಓದಿ ಹೇಳುವದು ಎಂಟನೆಯ ಇಯತ್ತೆಯಿಂದಲೂ ನನ್ನ ಪಾಲಿನ ಕೆಲಸ.

ಕಳೆದ ಬೇಸಿಗೆಯ ರಜೆಯಲ್ಲಿ ತಂದೆಯವರೂ ನಾನೂ ಕೂಡಿ ಒಂದು ಹಳೆಯ ಅಂಬಾಸಿಡರ್ ಗಾಡಿಯನ್ನು ಮತ್ತೆ ಓಡುವಂತೆ ಮಾಡಿದೆವು. ಆ ಕೆಲಸದಲ್ಲಿ ನನ್ನ ಕೈಯಿಂದ ಒಂದು ತಪ್ಪು ಜರುಗಿತು. ತಂದೆಯವರ ಮೂಗು ಚುರುಕಾಗಿರದಿದ್ದರೆ ಗಾಡಿಯೊಡನೆ ನಮ್ಮ ಮನೆಯೂ ಸುಟ್ಟುಹೋಗಬಹುದಾಗಿತ್ತು. ಆ ತಪ್ಪಿನ ಕಾರಣವನ್ನು ಹುಡುಕುತ್ತ ಹೋದಾಗ ನಾನು ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಗುರುವರ್ಯರ ಹಾಗೂ ಸಹಪಾಠಿಗಳ ಮುಂದಿಡುತ್ತಿದ್ದೇನೆ. ಹಳೆಯ ಸ್ಕೂಟರು, ಮೋಟಾರು ಸೈಕಲ್ಲು, ಜೀಪು ಮನೆಯಲ್ಲಿರುವವರು ನಮ್ಮ ಕಾಲೇಜಿನಲ್ಲಿ ಬಹಳ ಜನರಿದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬಂದೀತೆಂದು ನನ್ನ ನಂಬಿಕೆ.

ಮೊದಲು ಗಾಡಿಯ ಪರಿಚಯ. ಇಂಗ್ಲಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾಲಿಕೆಯ ಮೋಟಾರನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ ಕಂಪನಿಯವರು ಪಶ್ಚಿಮ ಬಂಗಾಲದ ಉತ್ತರಪಾಡಾ ಕಾರಖಾನೆಯಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರನ್ನು ತಯಾರಿಸತೊಡಗಿದರು. 2014ರಲ್ಲಿ ಅದರ ಉತ್ಪಾದನೆ ನಿಂತಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಈ ಅವಧಿಯಲ್ಲಿ ಅದರ ದುಂಡನೆಯ ಮೈಕಟ್ಟು ಹೆಚ್ಚು ಬದಲಾಗಲಿಲ್ಲ. ಮಂತ್ರಿಗಳಿಗೂ ಅದೇ ಗಾಡಿ, ಬಾಡಿಗೆಯ ಟ್ಯಾಕ್ಸಿಗೂ ಅದೇ ಗಾಡಿ. ನಮ್ಮ ಕೈಗೆ ಬಂದುದು 1982ರ ಮಾರ್ಕ್ ನಾಲ್ಕು ಎಂಬ ಮಾದರಿ. ನಾಲ್ಕು ಸಿಲಿಂಡರುಗಳ, 1489 ಸಿ.ಸಿ.ಯ ಪೆಟ್ರೋಲು ಎಂಜಿನ್ನು.

ಇದು ನಮ್ಮ ತಾಲೂಕಿನ ಒಬ್ಬ ಸಾವ್ಕಾರರ ಗಾಡಿಯಾಗಿತ್ತು. ನನ್ನ ಅಜ್ಜ ಅದರ ಡ್ರೈವರ್. ಅಜ್ಜ ತೀರಿಕೊಂಡ ಮೇಲೆ ಗಾಡಿ ಹನ್ನೊಂದು ವರ್ಷ ಸಾವ್ಕಾರರ ದನದ ಕೊಟ್ಟಿಗೆಯಲ್ಲಿ, ಗೊಬ್ಬರದ ಚೀಲಗಳ ನಡುವೆ ನಿಂತಿತ್ತು. ಸಾವ್ಕಾರರು ತಂದೆಯವರನ್ನು ಕರೆಸಿ, “ನಿಮ್ಮಪ್ಪ ಮಗನಂಗ ನೋಡಿಕೊಂಡ ಗಾಡಿ, ಗುಜರಿಗೆ ಹಾಕಾಕ ಮನಸ ಬರೂದಿಲ್ಲ. ನೀನ ಒಯ್ಯಿ” ಎಂದರು. ಅಜ್ಜ ಮೂವತ್ತು ವರ್ಷ ಅದನ್ನು ನಡೆಸಿದರೂ ನನ್ನ ಆಯಿ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಅವಳನ್ನು ಅದೇ ಗಾಡಿಯಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯಬೇಕೆಂಬದು ತಂದೆಯವರ ಇಚ್ಛೆ. ಆಯಿಗೆ ಈಗ ಎಂಬತ್ತು ದಾಟಿದೆ. ಆದುದರಿಂದ ಕೆಲಸವನ್ನು ಮುಂದೂಡುವಂತಿರಲಿಲ್ಲ.

ನಿಂತ ಗಾಡಿಗೆ ಬ್ಯಾಟರಿ ಕಟ್ಟಿ ಕೂಡಲೆ ಕೀಲಿ ತಿರುವುವದು ದೊಡ್ಡ ತಪ್ಪು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನಿನ ಉಂಗುರಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಒತ್ತಾಯದಿಂದ ತಿರುಗಿಸಿದರೆ ಅವು ಮುರಿಯುತ್ತವೆ. ತಂದೆಯವರು ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಲ್ಲಿ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು ಮೂರು ದಿನ ಸುಮ್ಮನಿದ್ದರು. ನಾಲ್ಕನೆಯ ದಿನ ಟಾಪ್ ಗೇರಿನಲ್ಲಿಟ್ಟು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿದಾಗ ಎಂಜಿನ್ನು ಸಡಿಲಾಯಿತು. ಆಮೇಲೆ ನಾವು ಪೆಟ್ರೋಲಿನ ದಾರಿಯನ್ನು ನೋಡತೊಡಗಿದೆವು.

ಈ ದಾರಿಯನ್ನು ತಿಳಿಯಲು ನಮ್ಮ ಕಬ್ಬಿನ ತೋಟಕ್ಕೆ ನೀರು ಹಾಯಿಸುವ ಕ್ರಮವನ್ನು ನೆನೆದರೆ ಸಾಕು. ಬಾವಿ, ಪಂಪು, ಪೈಪು, ಕಡೆಗೆ ಮಡಿ. ಮಡಿಗೆ ನೀರು ಬಾರದಿದ್ದರೆ ತಿಳಿದ ರೈತ ಮಡಿಯಲ್ಲಿ ನಿಂತು ಕೂಗುವದಿಲ್ಲ. ಬಾವಿಯಿಂದ ಹಿಡಿದು ನೋಡುತ್ತ ಬರುತ್ತಾನೆ. ಗಾಡಿಯಲ್ಲಿಯೂ ಹಾಗೆಯೇ. ಹಿಂದೆ ಪೆಟ್ರೋಲಿನ ಟಾಕಿ, ಅಲ್ಲಿಂದ ಗಾಡಿಯ ಅಡಿಗುಂಟ ಮುಂದಕ್ಕೆ ಬರುವ ಲೋಹದ ನಳಿಗೆ, ಎಂಜಿನ್ನಿನ ಪಕ್ಕಕ್ಕೆ ಪಂಪು, ಅಲ್ಲಿಂದ ಕಾರ್ಬ್ಯುರೇಟರು, ಕೊನೆಗೆ ಸಿಲಿಂಡರು. ಈ ಕ್ರಮವನ್ನು ಬಿಟ್ಟು ನಡುವೆ ಎಲ್ಲಿಯೋ ಕೈಹಾಕಿದವರು ಒಳ್ಳೆಯ ಭಾಗಗಳನ್ನೂ ಬಿಚ್ಚಿ ಕೆಡಿಸುತ್ತಾರೆ.

ಟಾಕಿಯ ಮುಚ್ಚಳ ತೆರೆದಾಗ ಬಂದ ವಾಸನೆ ಪೆಟ್ರೋಲಿನದಲ್ಲ, ಹಳೆಯ ವಾರ್ನಿಶ್ಶಿನದು. ಪೆಟ್ರೋಲು ಒಂದೇ ವಸ್ತುವಲ್ಲ. ಹಗುರಾದ ಮತ್ತು ಭಾರವಾದ ಅನೇಕ ದ್ರವಗಳ ಮಿಶ್ರಣ. ನಿಂತಲ್ಲಿ ಹಗುರಾದುವು ಆವಿಯಾಗಿ ಹೋಗುತ್ತವೆ. ಉಳಿದವು ಗಾಳಿಯೊಡನೆ ಕೂಡಿ ಅಂಟಾಗುತ್ತವೆ. ತಳದಲ್ಲಿ ಜಂಗು ಹಿಡಿದ ಕೆಸರು ಕೂತಿತ್ತು. ಟಾಕಿಯನ್ನು ಕಳಚಿ, ಡಿಝೆಲ್ಲಿನೊಡನೆ ಹಿಡಿ ತುಂಬ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿ ಕುಲುಕಿ ತೊಳೆದೆವು. ಎರಡು ದಿನ ಬಿಸಿಲಿಗೆ ಒಣಗಿಸಿದೆವು. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಖಾಲಿ ಟಾಕಿ ತುಂಬಿದ ಟಾಕಿಗಿಂತಲೂ ಅಪಾಯದ್ದು. ದ್ರವ ಪೆಟ್ರೋಲು ತಾನಾಗಿ ಸಿಡಿಯದು. ಗಾಳಿಯೊಡನೆ ಬೆರೆತ ಅದರ ಆವಿ ಸಿಡಿಯುವದು. ಆದುದರಿಂದ ತೂತು ಬಿದ್ದ ಟಾಕಿಯನ್ನು ಹಾಗೆಯೇ ವೆಲ್ಡಿಂಗಿಗೆ ಎಂದೂ ಒಯ್ಯಬಾರದು.

ಲೋಹದ ನಳಿಗೆ ಸುದೈವದಿಂದ ಗಟ್ಟಿಯಿತ್ತು. ಗಾಳಿ ಊದಿ ಕಚರಾ ತೆಗೆದೆವು. ಆದರೆ ಉದ್ದಕ್ಕೂ ಲೋಹದ ನಳಿಗೆಯೊಂದೇ ಇರಲಿಕ್ಕೆ ಸಾಧ್ಯವಿಲ್ಲ. ಏಕೆಂದರೆ ನಳಿಗೆ ಗಾಡಿಯ ಮೈಗೆ ಬಿಗಿದಿರುತ್ತದೆ. ಎಂಜಿನ್ನಾದರೋ ರಬ್ಬರಿನ ಮೆತ್ತೆಗಳ ಮೇಲೆ ಕೂತು ಅಲುಗುತ್ತಿರುತ್ತದೆ. ಅಲುಗುವದಕ್ಕೂ ಅಲುಗದಿರುವದಕ್ಕೂ ನಡುವೆ ಲೋಹವನ್ನು ಹಾಕಿದರೆ ಅದು ದಣಿದು ಬಿರಿಯುತ್ತದೆ. ಆದುದರಿಂದ ಅಲ್ಲಿ ಗೇಣುದ್ದದ ರಬ್ಬರಿನ ಪೈಪು ಹಾಕಿರುತ್ತಾರೆ. ಇಡೀ ದಾರಿಯಲ್ಲಿ ತೀರ ಅಗ್ಗವಾದ, ತೀರ ಮೆದುವಾದ ಭಾಗ ಇದೇ. ನಾನು ತಪ್ಪಿದುದೂ ಇಲ್ಲಿಯೇ. ಅದನ್ನು ಮುಂದೆ ಹೇಳುವೆನು.

ಪಂಪು ಬಹಳ ಸೊಗಸಾದ ಯುಕ್ತಿ. ಅದರ ಹೊಟ್ಟೆಯಲ್ಲಿ ಒಂದು ತೆಳುವಾದ ಪಡದೆ ಇದೆ. ಎಂಜಿನ್ನಿನ ಕ್ಯಾಮ್ ದಂಡ ತಿರುಗುವಾಗ ಒಂದು ಸನ್ನೆಯನ್ನು ಒತ್ತುತ್ತದೆ. ಸನ್ನೆ ಪಡದೆಯನ್ನು ಕೆಳಕ್ಕೆ ಜಗ್ಗುತ್ತದೆ. ಮೇಲೆ ನಿರ್ವಾತವಾಗಿ ಟಾಕಿಯಿಂದ ಪೆಟ್ರೋಲು ಒಳಗೆ ಬರುತ್ತದೆ. ಬಳಿಕ ಒಂದು ಸ್ಪ್ರಿಂಗು ಪಡದೆಯನ್ನು ಮೇಲಕ್ಕೆ ನೂಕಿ ಆ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಕಳಿಸುತ್ತದೆ. ಬಂದದ್ದು ಹಿಂದಕ್ಕೆ ಹೋಗದಂತೆ ಎರಡು ಪುಟ್ಟ ಕವಾಟಗಳು ಕಾವಲಿರುತ್ತವೆ. ಕಾರ್ಬ್ಯುರೇಟರು ತುಂಬಿ ‘ಸಾಕು’ ಎಂದರೆ ಪಡದೆ ಕೆಳಗೇ ನಿಲ್ಲುವದು. ಸನ್ನೆ ಬರಿದೆ ಆಡುತ್ತಿರುವದು. ಈ ಪಡದೆ ಹರಿದರೆ ಪೆಟ್ರೋಲು ಎಂಜಿನ್ನಿನ ಎಣ್ಣೆಯಲ್ಲಿ ಸೇರಿ ಎಣ್ಣೆಯನ್ನು ತಿಳಿಯಾಗಿಸುತ್ತದೆ, ಬೇರಿಂಗುಗಳು ಸವೆಯುತ್ತವೆ. ಎಣ್ಣೆಯ ಅಳತೆಕೋಲನ್ನು ಎಳೆದು ಮೂಸಿ ನೋಡುವ ತಂದೆಯವರ ರೂಢಿಗೆ ಕಾರಣ ಇದೇ ಎಂದು ನನಗೆ ಆಗ ತಿಳಿಯಿತು. ನಮ್ಮ ಪಂಪಿನ ಪಡದೆ ಒಣಗಿದ ಹಪ್ಪಳದಂತಾಗಿತ್ತು, ಹೊಸದನ್ನು ಹಾಕಿದೆವು.

ಇನ್ನು ಕಾರ್ಬ್ಯುರೇಟರು. ಪೆಟ್ರೋಲು ಒಂದೇ ಉರಿಯಲಾರದು; ತಕ್ಕಷ್ಟು ಗಾಳಿ ಬೇಕು. ಒಂದು ಕಿಲೋ ಪೆಟ್ರೋಲು ಪೂರ್ಣ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾಗುತ್ತದೆ. ಈ ಪ್ರಮಾಣವನ್ನು ಕಾಯುವದೇ ಕಾರ್ಬ್ಯುರೇಟರಿನ ಕೆಲಸ. ನಮ್ಮ ಗಾಡಿಯದು ಎಸ್.ಯು. ಎಂಬ ಇಂಗ್ಲೀಷ ಮಾದರಿ. ಮೊದಲು ತೇಲುಬುರುಡೆಯ ಕೋಣೆ. ಶೌಚಾಲಯದ ನೀರಿನ ತೊಟ್ಟಿಯಲ್ಲಿ ಇರುವಂತೆಯೇ ಬುರುಡೆ ಮೇಲೇರಿದಾಗ ಒಂದು ಸೂಜಿ ಒಳಬರುವ ದಾರಿಯನ್ನು ಮುಚ್ಚುವದು. ಅಲ್ಲಿಂದ ಪೆಟ್ರೋಲು ಜೆಟ್ಟು ಎಂಬ ಸಣ್ಣ ರಂಧ್ರಕ್ಕೆ ಬರುವದು. ಆ ರಂಧ್ರದಲ್ಲಿ ತುದಿಗೆ ಸಣ್ಣಗಾಗುತ್ತ ಹೋಗುವ ಇನ್ನೊಂದು ಸೂಜಿ ಇಳಿದಿರುತ್ತದೆ. ಎಂಜಿನ್ನು ಹೆಚ್ಚು ಗಾಳಿ ಎಳೆದಂತೆ ಒಂದು ಕೊಳವೆ ಮೇಲೇರಿ ತನ್ನೊಡನೆ ಸೂಜಿಯನ್ನೂ ಎತ್ತುತ್ತದೆ. ಸೂಜಿ ಸಣ್ಣಗಾದಷ್ಟು ದಾರಿ ಅಗಲವಾಗಿ ಪೆಟ್ರೋಲು ಹೆಚ್ಚು ಬರುತ್ತದೆ. ಲೆಕ್ಕವೆಲ್ಲ ಆ ಸೂಜಿಯ ಆಕಾರದಲ್ಲಿಯೇ ಅಡಗಿದೆ. ಅದನ್ನು ಕಾರಖಾನೆಯಲ್ಲಿ ಕಡೆದವರು ತಮ್ಮ ಕಾಲದ ಪೆಟ್ರೋಲಿಗಾಗಿ ಕಡೆದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಜೋಡಿಸಿದೆವು. ಹೊಸ ರಬ್ಬರಿನ ಪೈಪು ತರಲು ತಂದೆಯವರು ನನ್ನನ್ನು ಕಳಿಸಿದರು. ನಾನು ಒಳಗಿನ ಅಗಲದ ಅಳತೆಯೊಂದನ್ನೇ ಬರೆದುಕೊಂಡು ಹೋಗಿ, ಮೇಲೆ ಯಾವ ಅಚ್ಚೂ ಇಲ್ಲದ ಕರಿಯ ಪೈಪನ್ನು ಕಡಿಮೆ ಬೆಲೆಗೆ ತಂದೆ. ಉಳಿಸಿದ ಹಣಕ್ಕೆ ಹೆಮ್ಮೆಪಟ್ಟೆ. ಜೂನ್ ತಿಂಗಳ ಒಂದು ಸಂಜೆ ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಬಳಿಕ ನಿಧಾನವಾಗಿ ಉಸಿರು ಹಿಡಿಯಿತು. ಆಯಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ನೋಂದಣಿಯ ನವೀಕರಣವನ್ನು ಮುಗಿಸಿ ಗಾಡಿಯನ್ನು ಊರಲ್ಲಿ ತಿರುಗಿಸತೊಡಗಿದೆವು.

ಸಪ್ಟಂಬರದ ಒಂದು ರಾತ್ರಿ ಗಾಡಿ ಹೊರಗೆ ಹೋಗಿ ಬಂದು ಹತ್ತು ನಿಮಿಷವಾಗಿರಬೇಕು. ಅದನ್ನು ಒಳಗೆ ಸರಿಸಿ ನಿಲ್ಲಿಸಲೆಂದು ನಾನು ಕೂತು ಕೀಲಿಗೆ ಕೈಹಾಕಿದೆ. ತಂದೆಯವರು ಊಟದ ತಾಟು ಬಿಟ್ಟು ಎದ್ದು ಬಂದರು.

“ಯವ್ವಾ, ಕೀಲಿ ತಿರುವಬ್ಯಾಡ! ಪೆಟ್ರೋಲ ವಾಸನಿ ಬರಾಕತ್ತೈತಿ.”

ಮೊದಲು ಅವರು ಬ್ಯಾಟರಿಯ ತಂತಿ ಕಳಚಿದರು. ಬಳಿಕ ಇಬ್ಬರೂ ಕೂಡಿ ಗಾಡಿಯನ್ನು ಬಯಲಿಗೆ ನೂಕಿದೆವು. ಬ್ಯಾಟರಿ ದೀಪ ಹಿಡಿದು ನೋಡಿದರೆ ನಾನು ತಂದ ಪೈಪು ಬೆಂದ ಬದನೆಕಾಯಿಯಂತೆ ಉಬ್ಬಿ ಮೆತ್ತಗಾಗಿ, ತುದಿಯಲ್ಲಿ ಬಿರಿದು, ಹನಿ ಹನಿಯಾಗಿ ಸೋರುತ್ತಿತ್ತು. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರು ಇರುವ ಬದಿಗೇ, ಅದರ ಕೆಳಗೇ, ಸುಟ್ಟ ಹೊಗೆ ಹೊರಗೆ ಹೋಗುವ ಬೀಡಿನ ಕೊಳವೆ ಇರುತ್ತದೆ. ಹನಿಗಳು ಬೀಳುತ್ತಿದ್ದುದು ಆ ಬಿಸಿ ಬೀಡಿನ ಮೇಲೆ. ಗ್ಯಾರೇಜಿನ ಗೋಡೆಯ ಆಚೆ ಆಯಿ ಮಲಗಿದ್ದಳು. ನನ್ನ ಕೈಕಾಲು ತಣ್ಣಗಾದುವು.

ತಂದೆಯವರು ಬಯ್ಯಲಿಲ್ಲ. ಪೈಪನ್ನು ಕಳಚಿ ಬೆರಳಲ್ಲಿ ಹಿಚುಕುತ್ತ, “ಹಳೇ ರಬ್ಬರ ಒಣಗಿ ಸೀಳೂದು ನೋಡೇನಿ. ಹಿಂಗ ಉಬ್ಬೂದು ಇತ್ತಿತ್ತಲಾಗ ಬಾಳ ಆಗೇತಿ. ಯಾಕಂತ ನಿನ್ನ ಪುಸ್ತಕದಾಗ ನೋಡವ್ವಾ” ಎಂದರು. ಮೂವತ್ತು ವರ್ಷ ಪಾನಾ ಹಿಡಿದ ಮನುಷ್ಯ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ತರದೆ ಇರಲಿಕ್ಕೆ ನನಗೆ ಮುಖವಿರಲಿಲ್ಲ.

ಓದಿ ನೋಡಿದಾಗ ದೋಷ ಎರಡು ಕಡೆ ಇರುವದು ಕಂಡಿತು. ಒಂದು, ನಾನು ತಂದ ಪೈಪು. ಇನ್ನೊಂದು, ಅದರಲ್ಲಿ ಹರಿದ ಪೆಟ್ರೋಲು. ಗಾಡಿ 1982ರಿಂದ ಹಾಗೆಯೇ ಇದೆ; ಪೆಟ್ರೋಲು ಮಾತ್ರ ಈ ಅವಧಿಯಲ್ಲಿ ಎರಡು ಸಲ ಬದಲಾಗಿದೆ.

ಮೊದಲನೆಯ ಬದಲಾವಣೆ ಸೀಸದ್ದು. ಹಿಂದೆ ಪೆಟ್ರೋಲಿನಲ್ಲಿ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ಎಂಜಿನ್ನು ‘ಟಕಟಕ’ ಬಡಿಯದಂತೆ ತಡೆಯುತ್ತಿತ್ತು; ಜೊತೆಗೆ ವಾಲ್ವುಗಳು ಕೂಡುವ ಅಂಚಿನ ಮೇಲೆ ತೆಳುವಾದ ಲೇಪವಾಗಿ ನಿಂತು ಸವೆತವನ್ನೂ ತಡೆಯುತ್ತಿತ್ತು. ಆದರೆ ಸೀಸ ಮನುಷ್ಯನ, ವಿಶೇಷವಾಗಿ ಮಕ್ಕಳ ಮಿದುಳಿಗೆ ವಿಷ. 2000ದ ಫೆಬ್ರುವರಿ 1ರಿಂದ ನಮ್ಮ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂದಿತು. ಅದು ಆಗಲೇಬೇಕಾದ ಕೆಲಸ. ಹಳೆಯ ಎಂಜಿನ್ನುಗಳಿಗೆ ಮಾತ್ರ ಆ ಲೇಪ ತಪ್ಪಿತು. ನಮ್ಮ ಗಾಡಿಯಲ್ಲಿ ಹೊಗೆ ಬಿಡುವ ಎರಡು ವಾಲ್ವುಗಳ ಸಂದು ಬಿಗಿಯಾಗಿದ್ದುದಕ್ಕೆ ಇದೂ ಒಂದು ಕಾರಣವಾಗಿರಬಹುದು. ವಾಲ್ವು ತನ್ನ ಅಂಚನ್ನು ಸವೆಸಿ ಒಳಗೆ ಇಳಿದಂತೆ ಸಂದು ಕಡಿಮೆಯಾಗುತ್ತ ಬರುತ್ತದೆ. ಹಳೆಯ ಗಾಡಿಯುಳ್ಳವರು ಈ ಸಂದನ್ನು ಆಗಾಗ್ಗೆ ಅಳೆದು ಸರಿಪಡಿಸುವದು ಅವಶ್ಯ.

ಎರಡನೆಯ ಬದಲಾವಣೆ ನಮ್ಮ ಹೊಲದ್ದೇ. ಸಂಕೇಶ್ವರದ ರಸ್ತೆಯಲ್ಲಿ ನಿಂತರೆ ಹಂಗಾಮಿನ ದಿನಗಳಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುವದನ್ನು ಯಾರೂ ಕಾಣಬಹುದು. ಕಬ್ಬಿನ ಹಾಲಿನಿಂದಲೂ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಎಥೆನಾಲು ಎಂಬ ಮದ್ಯಸಾರವನ್ನು ತಯಾರಿಸುತ್ತಾರೆ. ಈಗ ಮೆಕ್ಕೆಜೋಳ ಮತ್ತು ಅಕ್ಕಿಯಿಂದಲೂ ಮಾಡುತ್ತಾರೆ. ಅದರೊಳಗಿನ ನೀರನ್ನು ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ಇದರ ಪ್ರಯೋಗವನ್ನು 2001ರಲ್ಲಿ ಮೊದಲು ನಡೆಸಿದ ಕೆಲವೇ ಸ್ಥಳಗಳಲ್ಲಿ ನಮ್ಮ ನೆರೆಯ ಮಿರಜ ಒಂದು. 2003ರಿಂದ ಕೆಲವು ರಾಜ್ಯಗಳಲ್ಲಿ ನೂರಕ್ಕೆ 5 ಪಾಲು ಬೆರೆಸುವ ಕಾರ್ಯಕ್ರಮ ಪ್ರಾರಂಭವಾಯಿತು. 2022ರಲ್ಲಿ ದೇಶದ ಸರಾಸರಿ ನೂರಕ್ಕೆ 10 ಮುಟ್ಟಿತು. ನೂರಕ್ಕೆ 20 ಪಾಲಿನ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬಂದು, 2025ರ ಹೊತ್ತಿಗೆ ಎಲ್ಲ ಕಡೆಯ ಪಂಪುಗಳಲ್ಲಿ ಅದೇ ಸಾಮಾನ್ಯವಾಯಿತು.

ಇದನ್ನು ಕಣ್ಣಾರೆ ಕಾಣಬೇಕೆಂದು ನಾವು ಒಂದು ಪರೀಕ್ಷೆ ಮಾಡಿದೆವು. ಅಳತೆಯ ಗೆರೆಗಳುಳ್ಳ ಗಾಜಿನ ಪಾತ್ರೆಯಲ್ಲಿ 20 ಮಿಲಿಲೀಟರು ನೀರು, ಅದರ ಮೇಲೆ 100 ಮಿಲಿಲೀಟರು ಪೆಟ್ರೋಲು ಹಾಕಿ, ಕುಲುಕಿ, ನಿಲ್ಲಲು ಬಿಟ್ಟೆವು. ಪೆಟ್ರೋಲು ನೀರಿನೊಡನೆ ಕೂಡುವದಿಲ್ಲ, ಎಥೆನಾಲು ಕೂಡುವದು. ಸ್ವಲ್ಪ ಹೊತ್ತಿನಲ್ಲಿ ತಳದ ನೀರಿನ ಪದರು ಹೆಚ್ಚುಕಡಿಮೆ ಇಮ್ಮಡಿಯಾಗಿ ನಿಂತಿತು. ಮೇಲಿನಿಂದ ಇಳಿದು ನೀರನ್ನು ಸೇರಿದುದೇ ಎಥೆನಾಲು. ಅದೇ ಪೆಟ್ರೋಲಿನಲ್ಲಿ ಅಚ್ಚಿಲ್ಲದ ಪೈಪಿನ ಒಂದು ತುಂಡನ್ನು ಅದ್ದಿ ಒಂದು ವಾರದ ಮೇಲೆ ತೆಗೆದರೆ, ಅದು ಅಳತೆಪಟ್ಟಿಯ ಮೇಲೆ ಬರಿಗಣ್ಣಿಗೆ ಕಾಣುವಷ್ಟು ಬೆಳೆದಿತ್ತು. ಕಬ್ಬು ಬೆಳೆಯುವ ನಮ್ಮ ಕಾಕಾ ಅದನ್ನು ನೋಡಿ, “ಅಂದರ ನನ್ನ ಕಬ್ಬ ನಿಮ್ಮ ಪೈಪ ತಿಂದತೇನ?” ಎಂದು ನಕ್ಕರು. ನಿಜಕ್ಕೂ ಅದು ಹಾಗೆಯೇ.

ಎಥೆನಾಲು ಹಳೆಯ ಗಾಡಿಯಲ್ಲಿ ನಾಲ್ಕು ಕೆಲಸ ಮಾಡುತ್ತದೆ. ಮೊದಲನೆಯದು, ಹಳೆಯ ತರದ ರಬ್ಬರಿನೊಳಗೆ ಸೇರಿ ಅದನ್ನು ಉಬ್ಬಿಸಿ ಮೆತ್ತಗೆ ಮಾಡುವದು. ಎರಡನೆಯದು, ಅದು ಗಾಳಿಯೊಳಗಿನ ತೇವವನ್ನು ಹೀರುವದು. ನೀರು ಒಂದು ಮಿತಿಯನ್ನು ಮೀರಿದಾಗ ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟಾಕಿಯ ತಳಕ್ಕೆ ಕೂಡುವವು. ಪೆಟ್ರೋಲನ್ನು ಹೀರುವ ನಳಿಗೆಯ ಬಾಯಿಯೂ ತಳದಲ್ಲಿಯೇ ಇರುವದರಿಂದ ಎಂಜಿನ್ನಿಗೆ ಮೊದಲು ಹೋಗುವದು ಆ ನೀರೇ. ಟಾಕಿಗೆ ಜಂಗು ಹಿಡಿಯುವದೂ ಅದರಿಂದಲೇ. ಮೂರನೆಯದು, ಅದು ಒಳ್ಳೆಯ ದ್ರಾವಕ. ಹಳೆಯ ನಳಿಗೆಗಳ ಒಳಗೆ ಅಂಟಿದ ವಾರ್ನಿಶ್ಶನ್ನು ಕಿತ್ತು ತಂದು ಜೆಟ್ಟಿನ ಬಾಯಿ ಮುಚ್ಚುವದು. ನಾಲ್ಕನೆಯದು ಸೂಜಿಯ ಲೆಕ್ಕವನ್ನು ಕೆಡಿಸುವದು. ಎಥೆನಾಲಿನಲ್ಲಿ ಆಮ್ಲಜನಕ ಆಗಲೇ ಇರುವದರಿಂದ ಒಂದು ಕಿಲೋಕ್ಕೆ ಸುಮಾರು 9 ಕಿಲೋ ಗಾಳಿ ಸಾಕು. ಐದರಲ್ಲೊಂದು ಪಾಲು ಬೆರೆತ ಪೆಟ್ರೋಲಿಗೆ ಸುಮಾರು 13.5 ಕಿಲೋ ಸಾಕು. ಹಳೆಯ ಸೂಜಿ ಇದನ್ನೇನು ಬಲ್ಲದು? ಅದು ಮೊದಲಿನಷ್ಟೇ ಗಾಳಿಗೆ ಮೊದಲಿನಷ್ಟೇ ಪೆಟ್ರೋಲು ಕೊಡುವದು. ಗಾಳಿ ಹೆಚ್ಚಾಗಿ ಎಂಜಿನ್ನು ಬಿಸಿಯಾಗುವದು, ಏರಿನಲ್ಲಿ ಮುಗ್ಗರಿಸುವದು. ಮೇಲಾಗಿ ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನ ಶಾಖ ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದುದರಿಂದ ಲೀಟರಿಗೆ ಓಡುವ ದೂರವೂ ತುಸು ತಗ್ಗುವದು.

ಇದನ್ನು ಓದಿ ಎಥೆನಾಲನ್ನು ಶಪಿಸಬೇಕಾಗಿಲ್ಲ. ಹೊರದೇಶದಿಂದ ತರುವ ಕಚ್ಚಾ ಎಣ್ಣೆಯ ಒಂದಿಷ್ಟು ಪಾಲನ್ನು ಅದು ಉಳಿಸುತ್ತದೆ. ನಮ್ಮ ಜಿಲ್ಲೆಯ ಕಬ್ಬಿಗೆ ಇನ್ನೊಂದು ಗಿರಾಕಿಯನ್ನು ಕೊಟ್ಟಿದೆ. ನನ್ನ ಕಾಲೇಜಿನ ಫೀಸಿನಲ್ಲಿ ಕಾಕಾನ ಕಬ್ಬಿನ ಹಣವೂ ಇದೆ. 2023ರ ಏಪ್ರಿಲ್ ತಿಂಗಳಿಂದ ಬಂದ ಹೊಸ ಗಾಡಿಗಳ ರಬ್ಬರು ಮತ್ತು ಲೋಹಗಳನ್ನು ಈ ಪೆಟ್ರೋಲಿಗೆ ಹೊಂದುವಂತೆಯೇ ಆರಿಸಿದ್ದಾರೆ. ಹಳೆಯ ಗಾಡಿಗಳಲ್ಲಿ ಕೆಲವು ರಬ್ಬರಿನ ಭಾಗಗಳನ್ನು ಬೇಗನೆ ಬದಲಾಯಿಸಬೇಕಾದೀತೆಂದು ಪೆಟ್ರೋಲಿಯಂ ಸಚಿವಾಲಯವೂ 2025ರ ಆಗಸ್ಟಿನಲ್ಲಿ ಹೇಳಿತು. ಬದಲಾಯಿಸುವದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಅದನ್ನು ಬದಲಾಯಿಸಬೇಕೆಂಬ ತಿಳಿವಳಿಕೆಯೇ ಹಳ್ಳಿಯ ಗ್ಯಾರೇಜಿನವರೆಗೆ ಬಂದಿಲ್ಲ. ಬಂದರೂ ಅದು ಇಂಗ್ಲೀಷಿನಲ್ಲಿರುತ್ತದೆ.

ನಾವು ಮಾಡಿದ ಉಪಾಯಗಳಿವು. ಕೊಲ್ಲಾಪುರದಿಂದ ಒಳಗೆ ಫ್ಲೋರೋರಬ್ಬರಿನ ಅಸ್ತರಿಯಿರುವ ಪೈಪು ತಂದೆವು. ಅದರ ಮೈಮೇಲೆ ‘ಎಸ್.ಎ.ಇ. ಜೆ30 ಆರ್9’ ಎಂದು ಅಚ್ಚಾಗಿರುತ್ತದೆ. ಕೊಳ್ಳುವಾಗ ಅಗಲದ ಜೊತೆಗೆ ಈ ಅಚ್ಚನ್ನೂ ಓದಬೇಕು. ಪಂಪಿನ ಪಡದೆ, ತೇಲುಬುರುಡೆಯ ಕೋಣೆಯಿಂದ ಜೆಟ್ಟಿಗೆ ಹೋಗುವ ಪುಟ್ಟ ನಳಿಗೆ, ವಾಷರುಗಳು ಇವನ್ನೂ ಇದೇ ಪೆಟ್ರೋಲಿಗೆ ಹೊಂದುವ ತರದವನ್ನು ನೋಡಿ ಹಾಕಿದೆವು. ಪಂಪಿನ ಮೊದಲು ಒಳಗಿನದು ಕಾಣುವಂಥ ಒಂದು ಫಿಲ್ಟರು ಇಟ್ಟು, ಮೊದಲ ಎರಡು ತಿಂಗಳಲ್ಲಿ ಎರಡು ಸಲ ಬದಲಾಯಿಸಿದೆವು. ಟಾಕಿಯನ್ನು ಆದಷ್ಟು ತುಂಬಿಟ್ಟೆವು. ಟಾಕಿಯಲ್ಲಿ ಗಾಳಿಗೆ ಎಡೆ ಕಡಿಮೆಯಾದಷ್ಟು ತೇವವೂ ಕಡಿಮೆ. ಒಂದೆರಡು ತಿಂಗಳು ಗಾಡಿ ನಿಲ್ಲುವದಿದ್ದರೆ ಪೆಟ್ರೋಲನ್ನು ತೆಗೆದುಬಿಡುವದೇ ಮೇಲು.

ಗಾಳಿ-ಪೆಟ್ರೋಲಿನ ಪ್ರಮಾಣವನ್ನು ಸರಿಮಾಡಿದುದು ತಂದೆಯವರ ಕಿವಿ. ಎಸ್.ಯು. ಕಾರ್ಬ್ಯುರೇಟರಿನಲ್ಲಿ ಕೆಳಗಿನ ನಟ್ಟನ್ನು ತಿರುವಿದರೆ ಜೆಟ್ಟು ಇಳಿಯುತ್ತದೆ, ಪೆಟ್ರೋಲು ಹೆಚ್ಚುತ್ತದೆ. ಎಂಜಿನ್ನು ನಡೆಯುತ್ತಿರುವಾಗ ಮೇಲಿನ ಕೊಳವೆಯನ್ನು ಕೂದಲೆಳೆಯಷ್ಟು ಎತ್ತಬೇಕು. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಕೂಡಲೆ ಕುಸಿದರೆ ಪೆಟ್ರೋಲು ಕಡಿಮೆ. ತುಸು ಏರಿ ಮತ್ತೆ ನೆಲೆಗೆ ಬಂದರೆ ಸರಿ. ಪುಸ್ತಕದಲ್ಲಿ ನಾನು ಓದಿದ ಈ ಪರೀಕ್ಷೆಯನ್ನು ತಂದೆಯವರು ಪುಸ್ತಕವನ್ನು ಕಾಣದೆ ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ನಟ್ಟನ್ನು ಎರಡು ಮೂಲೆಯಷ್ಟು ತಿರುವಿದರು. ಮೊದಲು ಸುಣ್ಣದಂತೆ ಬೆಳ್ಳಗಿದ್ದ ಪ್ಲಗ್ಗಿನ ತುದಿ ಎರಡು ದಿನದ ಓಟದ ಬಳಿಕ ಬಿಸ್ಕೀಟಿನ ಬಣ್ಣಕ್ಕೆ ಬಂದಿತು. ಅದೇ ಆರೋಗ್ಯದ ಬಣ್ಣ.

ಇನ್ನೊಂದು ಪಾಠ ಅಕ್ಟೋಬರದ ಬಿಸಿಲಿನಲ್ಲಿ ಆಯಿತು. ಪರೀಕ್ಷೆಗೆಂದು ನಿಪ್ಪಾಣಿಗೆ ಹೋಗಿ ಮರಳುವಾಗ ಸ್ತವನಿಧಿ ಘಾಟಿನ ಏರಿನಲ್ಲಿ ಗಾಡಿ ಉಸಿರು ಬಿಟ್ಟಿತು. ಸೋರಿಕೆಯಿಲ್ಲ, ಟಾಕಿಯಲ್ಲಿ ಪೆಟ್ರೋಲಿದೆ, ಆದರೆ ಕಾರ್ಬ್ಯುರೇಟರು ಒಣಗಿದೆ. ತಂದೆಯವರು ಟವೆಲನ್ನು ನೀರಲ್ಲಿ ಅದ್ದಿ ಪಂಪಿಗೂ ಅದರ ನಳಿಗೆಗೂ ಸುತ್ತಿದರು. ಕಾಲು ತಾಸಿನಲ್ಲಿ ಗಾಡಿ ಹೊರಟಿತು. ಬಿಸಿಯಾದ ನಳಿಗೆಯಲ್ಲಿ ಪೆಟ್ರೋಲು ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು. ಗುಳ್ಳೆಯನ್ನು ಎಳೆಯಲು ಹೋದರೆ ಅದು ಬರಿದೆ ಹಿಗ್ಗಿ ಕುಗ್ಗುತ್ತದೆ. ಅದೇ ಪೆಟ್ರೋಲಿಗೆ ತುಸು ಎಥೆನಾಲು ಬೆರೆತರೆ ಅದರ ಆವಿಯ ಒತ್ತಡ ಏರುವದರಿಂದ ಇದು ಇನ್ನೂ ಬೇಗ ಆಗಬಹುದು. ಮನೆಗೆ ಬಂದು ನಳಿಗೆಯನ್ನು ಹೊಗೆಕೊಳವೆಯಿಂದ ದೂರಕ್ಕೆ ಸರಿಸಿ, ನಡುವೆ ಒಂದು ತಗಡಿನ ಮರೆ ಕಟ್ಟಿದೆವು. ಆ ತೊಂದರೆ ಮತ್ತೆ ಕಾಣಲಿಲ್ಲ.

ಕೊನೆಗೆ ನನಗೆ ತಿಳಿದುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹಳೆಯ ಗಾಡಿಯನ್ನು ಸರಿಪಡಿಸುವಾಗ ಅದರ ಭಾಗಗಳನ್ನಷ್ಟೇ ಅಲ್ಲ, ಅವುಗಳಲ್ಲಿ ಹರಿಯುವದನ್ನೂ ನೋಡಬೇಕು. ನೋಡುವಾಗ ಟಾಕಿಯಿಂದ ಜೆಟ್ಟಿನವರೆಗೆ ಕ್ರಮ ತಪ್ಪದೆ ಬರಬೇಕು. ತಂದೆಯವರು ತಮ್ಮ ಹುಡುಗರಿಗೆ ಹೇಳುವ ಕ್ರಮ ಇನ್ನೂ ಚಿಕ್ಕದು: “ಮೊದಲ ಮೂಗ, ಆಮ್ಯಾಲ ಕಣ್ಣ, ಕಡೀಕ ಪಾನಾ.” ನಾನು ಇದಕ್ಕೆ ಒಂದನ್ನು ಕೂಡಿಸಿದ್ದೇನೆ: ಪೈಪಿನ ಮೇಲಿನ ಅಚ್ಚು. ಅದನ್ನು ಓದಲು ಬಾರದ ಮಿಸ್ತ್ರಿಗಳಿಗೆ ಓದಿ ಹೇಳುವವರು ಬೇಕು. ನಮ್ಮಂಥ ಬಿ.ಎ. ವಿದ್ಯಾರ್ಥಿಗಳು ಊರಿಗೆ ಮಾಡಬಹುದಾದ ಸಣ್ಣ ಕೆಲಸಗಳಲ್ಲಿ ಇದೂ ಒಂದೆಂದು ನಾನು ತಿಳಿದಿದ್ದೇನೆ.

ಬನದ ಹುಣ್ಣಿಮೆಯ ಗದ್ದಲಕ್ಕೆ ಮುಂಚೆಯೇ ಒಂದು ಮಂಗಳವಾರ ಆಯಿಯನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಅವಳು ಹಿಂದಿನ ಸೀಟನ್ನು ಕೈಯಿಂದ ಸವರಿ, “ಇಷ್ಟ ಮೆತ್ತಗ ಇತ್ತೇನ! ನಿಮ್ಮಜ್ಜ ಒಂದಿನಾ ಹೇಳಲಿಲ್ಲ” ಎಂದಳು. ಗಾಡಿ ಗುಡ್ಡವನ್ನು ತಡೆಯಿಲ್ಲದೆ ಏರಿತು. ರಾತ್ರಿ ಮರಳಿದ ಮೇಲೆ ತಂದೆಯವರು ಬಾನೆಟ್ಟು ಎತ್ತಿ, ಪೈಪಿನ ಉದ್ದಕ್ಕೂ ಬೆರಳೆಳೆದು, ಬೆರಳನ್ನು ಮೂಸಿ ನೋಡಿದರು. ಒಣಗಿತ್ತು. “ವಹಿಯೊಳಗ ತಾರೀಖ ಬರೆದಿಡವ್ವಾ” ಎಂದರು. ಪೈಪು ಹಾಕಿದ ತಾರೀಖನ್ನೂ, ಅದನ್ನು ಮತ್ತೆ ನೋಡಬೇಕಾದ ತಾರೀಖನ್ನೂ ಬರೆದಿಟ್ಟೆ.